ನೆರಳೂ ಒರೆಗಲ್ಲೂ
(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ಬಂಗಾರಪೇಟೆಯಲ್ಲಿ ನೆರೆದ ಸಭೆಯಲ್ಲಿ ಕೊಟ್ಟ ಉಪನ್ಯಾಸ)

 

ಇಂತಹ ಮಹೋತ್ಸವದಲ್ಲಿ ಧರ್ಮವನ್ನೂ ಸಾಹಿತ್ಯವನ್ನೂ ಕುರಿತು ಉಪನ್ಯಾಸಗಳಾಗುವುದು ವಾಡಿಕೆ. ಅವುಗಳ ನಡುವೆ ರೋಗದ ಮಾತನ್ನೆತ್ತುವುದು ಸರಿಯೇ ಎಂದು ನಾನು ಮೊದಲು ಸಂಕೋಚಪಟ್ಟುದುಂಟು. ಆದರೆ ಶರಣರು ಕಾಯವನ್ನು ತುಚ್ಛವೆಂದು ತಳ್ಳಿದವರಲ್ಲ; ಲಿಂಗಪೂಜೆಗೂ ಕಾಯಕಕ್ಕೂ ದಾಸೋಹಕ್ಕೂ ಅದೇ ಆಧಾರವೆಂದು ಬಗೆದವರು. ಹನ್ನೆರಡನೆಯ ಶತಮಾನದ ಆ ಗೋಷ್ಠಿಯಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರಾಗಿದ್ದರು; ವೈದ್ಯವೇ ಅವರ ಕಾಯಕ, ವೈದ್ಯದ ಪರಿಭಾಷೆಯೇ ಅವರ ವಚನಗಳ ಪರಿಭಾಷೆ. ಆ ಪರಂಪರೆಯ ಬಲದಿಂದಲೇ ವೈದ್ಯವೃತ್ತಿಯವನಾದ ನಾನು ಈ ಸೀಮೆಯ ಜನರಿಗೆ ಅವಶ್ಯವಾಗಿ ತಿಳಿದಿರಬೇಕಾದ ಒಂದು ವಿಷಯವನ್ನು ತಮ್ಮ ಮುಂದೆ ಬಿನ್ನವಿಸಿಕೊಳ್ಳಲು ಧೈರ್ಯಮಾಡಿದ್ದೇನೆ. ದೇಹದೊಳಗೆ ಗಂತಿಯೊಂದು ಕಂಡುಬಂದಾಗ, ಯಂತ್ರವು ತೋರಿಸುವ ಚಿತ್ರವನ್ನು ನೋಡಿಕೊಂಡು ಸೂಜಿಯ ಮೂಲಕ ಅದರ ತುಣುಕನ್ನು ತೆಗೆದು ಪರೀಕ್ಷಿಸುವ ಕ್ರಮವೇ ಆ ವಿಷಯ. ಇದನ್ನು ವೈದ್ಯರು ಬಯಾಪ್ಸಿ ಎನ್ನುತ್ತಾರೆ; ನಮ್ಮ ಜನರು 'ಸೂಜಿ ಪರೀಕ್ಷೆ' ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಈ ವಿಷಯಕ್ಕೂ ನಮ್ಮ ಊರುಗಳಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ನಮ್ಮ ಕಾಲಕೆಳಗಿನ ನೆಲದಲ್ಲಿಯೇ ಇದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕೋಲಾರದ ಚಿನ್ನದ ಗಣಿಗಳ ಕಾರ್ಯಭಾರವನ್ನು ವಹಿಸಿಕೊಂಡಂದಿನಿಂದ 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವರೆಗೆ, ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರಿಗಾಂ, ನಂದಿದುರ್ಗಗಳ ಬಾವಿಗಳಲ್ಲಿ ತಲೆಮಾರುಗಳ ಜನರು ಇಳಿದು ದುಡಿದರು. ಚಾಂಪಿಯನ್ ರೀಫ್ ಗಣಿಯ ಆಳವು 3 ಕಿಲೋಮೀಟರನ್ನೂ ಮೀರಿತ್ತು. ಚಿನ್ನವಿದ್ದುದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲೆಂದರೆ ಸಿಲಿಕ. ಅದನ್ನು ಕೊರೆದು ಸಿಡಿಸಿ ಪುಡಿಮಾಡಿದಾಗ ಏಳುವ ಅತಿಸೂಕ್ಷ್ಮವಾದ ಧೂಳು ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಹೋಗಿ ನೆಲೆಸಿ, ಅಲ್ಲಿ ಗಾಯದ ಕಲೆಯಂತಹ ಗಟ್ಟಿಯಾದ ಗಂಟುಗಳನ್ನು ಉಂಟುಮಾಡುತ್ತದೆ. ಇದೇ ಸಿಲಿಕೋಸಿಸ್ ಎಂಬ ರೋಗ. 1940ರಿಂದ 1946ರವರೆಗೆ ಈ ಗಣಿಗಳಲ್ಲಿಯೇ ನಡೆದ ವಿಸ್ತಾರವಾದ ತಪಾಸಣೆಯಲ್ಲಿ 7,653 ಮಂದಿ ಕೆಲಸಗಾರರನ್ನು ಪರೀಕ್ಷಿಸಲಾಗಿ, ನೂರಕ್ಕೆ 43.7ರಷ್ಟು ಮಂದಿಯಲ್ಲಿ ಈ ರೋಗವು ಕಂಡುಬಂದಿತು. ನಾಡಿಗೆ ಚಿನ್ನವನ್ನು ಕೊಟ್ಟವರು ತಮ್ಮ ಪಾಲಿಗೆ ಉಳಿಸಿಕೊಂಡದ್ದು ಕಲ್ಲಿನ ಧೂಳನ್ನು.

ಗಣಿಗಳು ಮುಚ್ಚಿದೊಡನೆ ಈ ರೋಗವೂ ಮುಚ್ಚಿಹೋಯಿತೆಂದು ತಿಳಿಯಬಾರದು. ಒಳಹೊಕ್ಕ ಧೂಳು ಹೊರಗೆ ಬರುವುದಿಲ್ಲ. ಕೆಲಸವನ್ನು ಬಿಟ್ಟು ಹತ್ತಿಪ್ಪತ್ತು ವರ್ಷಗಳಾದ ಮೇಲೆಯೂ ರೋಗವು ತಲೆಯೆತ್ತಬಹುದು, ಇದ್ದುದು ಹೆಚ್ಚಬಹುದು. 2001ರಲ್ಲಿ ಮೂವತ್ತರ ಪ್ರಾಯದಲ್ಲಿದ್ದವರು ಈಗ ಐವತ್ತನ್ನು ದಾಟಿದ್ದಾರೆ. ಅಂತಹವರು ಈ ಸಭೆಯಲ್ಲಿಯೂ ಇದ್ದಾರೆ. ಅವರ ಮನೆಗಳವರೂ ಇದ್ದಾರೆ. ಈಗ ಕಲ್ಲುಗಣಿಗಳಲ್ಲಿಯೂ ಜಲ್ಲಿ ಯಂತ್ರಗಳ ಬಳಿಯೂ ದುಡಿಯುವ ಯುವಕರಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಮುಖ್ಯವಾದ ತೊಡಕಿಗೆ ಬರುತ್ತೇನೆ. ಧೂಳಿನ ಗಂಟುಗಳು ಒಂದನ್ನೊಂದು ಕೂಡಿಕೊಂಡು ಶ್ವಾಸಕೋಶದ ಮೇಲ್ಭಾಗದಲ್ಲಿ ಕೆಲವೊಮ್ಮೆ ನಿಂಬೆಯ ಗಾತ್ರಕ್ಕೆ, ಅದಕ್ಕಿಂತಲೂ ದೊಡ್ಡದಾಗಿ ಬೆಳೆಯುತ್ತವೆ. ಎಕ್ಸ್‌ರೇ ಚಿತ್ರದಲ್ಲಿ ಅದು ಬಿಳಿಯ ನೆರಳಾಗಿ ತೋರುತ್ತದೆ. ಸಿಲಿಕದ ಧೂಳು ಹೊಕ್ಕ ಶ್ವಾಸಕೋಶಕ್ಕೆ ಕ್ಷಯರೋಗವು ಇತರರಿಗಿಂತ ಸುಲಭವಾಗಿ ತಗಲುತ್ತದೆಂಬುದು ಬಹುಕಾಲದಿಂದ ತಿಳಿದ ಸಂಗತಿ. ಆ ಕ್ಷಯವೂ ಮೇಲ್ಭಾಗದಲ್ಲಿಯೇ ಅಂತಹದೇ ನೆರಳನ್ನು ಮೂಡಿಸುತ್ತದೆ. ಮೂರನೆಯದು ಏಡಿಗಂತಿ, ಎಂದರೆ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಉಸಿರಿನೊಡನೆ ಒಳಹೋಗುವ ಸಿಲಿಕದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ 1997ರಲ್ಲಿ ಸೇರಿಸಿದರು. ಬೀಡಿ ಸಿಗರೇಟುಗಳ ಅಭ್ಯಾಸವೂ ಕೂಡಿದರೆ ಅಪಾಯವು ಮತ್ತಷ್ಟು ಹೆಚ್ಚು. ಹೀಗೆ ರೋಗಗಳು ಮೂರು, ನೆರಳು ಒಂದೇ. ಕೆಮ್ಮು, ಆಯಾಸ, ಮೈ ಇಳಿಯುವುದು, ಕಫದಲ್ಲಿ ರಕ್ತ ಕಾಣುವುದು, ಇವೂ ಹೆಚ್ಚುಕಡಿಮೆ ಮೂರಕ್ಕೂ ಸಮಾನ. ಒಂದೇ ಎದೆಯಲ್ಲಿ ಎರಡು ರೋಗಗಳು ಒಟ್ಟಿಗೆ ಇರುವುದೂ ಉಂಟು.

ಚಿಕಿತ್ಸೆಯಾದರೋ ಒಂದೊಂದಕ್ಕೆ ಒಂದೊಂದು ಬಗೆ. ಕ್ಷಯಕ್ಕೆ ತಿಂಗಳುಗಟ್ಟಲೆ ಔಷಧ. ಅದು ಗುಣವಾಗುವ ರೋಗ. ಕ್ಯಾನ್ಸರಿಗೆ ಶಸ್ತ್ರಕ್ರಿಯೆ, ಕಿರಣ, ಔಷಧ. ಅದು ಬೇಗ ತಿಳಿದಷ್ಟೂ ಬದುಕುವ ಆಸೆ ಹೆಚ್ಚು. ಧೂಳಿನ ಗಂಟನ್ನು ಕರಗಿಸುವ ಔಷಧವಿಲ್ಲ. ಇನ್ನಷ್ಟು ಧೂಳು ಹೋಗದಂತೆ, ಕ್ಷಯ ತಗಲದಂತೆ ಕಾಯುವುದೇ ಅಲ್ಲಿ ಚಿಕಿತ್ಸೆ. ಆದಕಾರಣ ನೆರಳನ್ನು ನೋಡಿ ಊಹಿಸಿ ಔಷಧ ಕೊಡುವುದೆಂದರೆ, ಮೂರು ದಾರಿ ಕೂಡುವೆಡೆಯಲ್ಲಿ ಕಣ್ಣುಮುಚ್ಚಿ ಒಂದನ್ನು ಹಿಡಿದು ನಡೆದಂತೆ.

ನಾನು ಕಂಡ ಎರಡು ಪ್ರಸಂಗಗಳನ್ನು ಹೆಸರುಗಳಿಲ್ಲದೆ ಹೇಳುತ್ತೇನೆ. ಗಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಯಜಮಾನರೊಬ್ಬರ ಎದೆಯಲ್ಲಿ ನೆರಳು ಕಾಣಿಸಿತು. ಮನೆಯವರು ಅದು ಕ್ಯಾನ್ಸರೇ ಎಂದು ನಿಶ್ಚಯಿಸಿಕೊಂಡು, ಅವರಿಗೆ ತಿಳಿಸದೆ, ಮಗಳ ಮದುವೆಯನ್ನು ಅವಸರದಿಂದ ನಡೆಸಿ, ಇನ್ನು ಆಸ್ಪತ್ರೆಯೇಕೆ ಎಂದು ಕೈಚೆಲ್ಲಿ ಕುಳಿತಿದ್ದರು. ಸಂಬಂಧಿಕರೊಬ್ಬರ ಒತ್ತಾಯದಿಂದ ಸೂಜಿ ಪರೀಕ್ಷೆಯಾಯಿತು. ತೆಗೆದ ತುಣುಕಿನಲ್ಲಿ ಕಂಡದ್ದು ಧೂಳಿನ ಕಲೆ ಮತ್ತು ಕ್ಷಯ. ಕ್ಯಾನ್ಸರಿನ ಸುಳಿವೇ ಇರಲಿಲ್ಲ. ಔಷಧವನ್ನು ತಪ್ಪದೆ ಸೇವಿಸಿ ಅವರು ಚೇತರಿಸಿಕೊಂಡರು. ಆ ಮಗಳ ಮಗುವಿಗೆ ಲಿಂಗಧಾರಣೆಯಾದಾಗ ತಾವೇ ಮುಂದೆ ನಿಂತಿದ್ದರು.

ಎರಡನೆಯ ಪ್ರಸಂಗವು ಇದಕ್ಕೆ ವಿರುದ್ಧವಾದುದು. ಅಂತಹದೇ ನೆರಳು, ಅಂತಹದೇ ಪ್ರಾಯ. ಕಫದಲ್ಲಿ ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ. ಸೂಜಿ ಪರೀಕ್ಷೆ ಬೇಕೆಂದು ವೈದ್ಯರು ಹೇಳಿದರು. ಆದರೆ ಮನೆಯ ಹಿರಿಯರೊಬ್ಬರು, "ಸೂಜಿ ಚುಚ್ಚಿದರೆ ಗಡ್ಡೆ ಕೆರಳುತ್ತದೆ, ಒಂದಿದ್ದುದು ಹತ್ತಾಗುತ್ತದೆ" ಎಂದು ತಡೆದುಬಿಟ್ಟರು. ಇದ್ದರೂ ಇರಬಹುದೆಂದು ಕ್ಷಯದ ಔಷಧವನ್ನೇ ಎಂಟು ತಿಂಗಳು ನುಂಗಿದ್ದಾಯಿತು. ಕೊನೆಗೆ ಬೆನ್ನುಮೂಳೆಯ ನೋವು ತಾಳಲಾರದೆ ಬಂದಾಗ, ಕ್ಯಾನ್ಸರು ಶ್ವಾಸಕೋಶವನ್ನು ದಾಟಿ ಮೂಳೆಗಳಿಗೆ ಹೋಗಿತ್ತು. ಅವರು ಮರುವರ್ಷ ಲಿಂಗೈಕ್ಯರಾದರು. ತಡೆದ ಹಿರಿಯರು ದುಷ್ಟರಲ್ಲ. ಅವರಷ್ಟು ಪ್ರೀತಿಯಿಂದ ರೋಗಿಯನ್ನು ನೋಡಿಕೊಂಡವರು ಬೇರೊಬ್ಬರಿರಲಿಲ್ಲ. ಪ್ರೀತಿಯಿತ್ತು, ತಿಳಿವಳಿಕೆಯಿರಲಿಲ್ಲ. ಆ ಎಂಟು ತಿಂಗಳುಗಳ ನೆನಪೇ ಇಂದು ನನ್ನನ್ನು ಇಲ್ಲಿ ನಿಲ್ಲಿಸಿದೆ.

ಗಣಿಯ ಜನರಿಗೆ ಈ ಪರೀಕ್ಷೆಯ ತತ್ತ್ವವನ್ನು ವಿವರಿಸುವುದು ಕಷ್ಟವಲ್ಲ. ನೆಲದ ಮೇಲಿನ ಬಣ್ಣವನ್ನು ನೋಡಿ ಇಲ್ಲಿ ಚಿನ್ನವಿದೆಯೆಂದು ಯಾರೂ ಬಾವಿ ತೋಡುತ್ತಿರಲಿಲ್ಲ. ಬಂಡೆಯೊಳಕ್ಕೆ ಕೊರೆದು, ಕೋಲಿನಂತಹ ಉದ್ದನೆಯ ಕಲ್ಲಿನ ತುಂಡನ್ನು ಹೊರಕ್ಕೆ ತೆಗೆದು, ಅದನ್ನು ಪುಡಿಮಾಡಿ, ಪುಟವಿಟ್ಟು, ಟನ್ನಿಗೆ ಎಷ್ಟು ಚಿನ್ನವೆಂದು ಲೆಕ್ಕಹಾಕುತ್ತಿದ್ದರು. ಅಕ್ಕಸಾಲಿಗನೂ ಅಷ್ಟೆ, ಹೊಳಪಿಗೆ ಮರುಳಾಗದೆ ಒರೆಗಲ್ಲಿಗೆ ಉಜ್ಜಿ ನೋಡುತ್ತಾನೆ. ಎಕ್ಸ್‌ರೇ ಮತ್ತು ಸ್ಕ್ಯಾನುಗಳು ತೋರಿಸುವುದು ಕುರುಹನ್ನು. ಅರಿವು ದೊರೆಯುವುದು ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ. ಕುರುಹನ್ನೇ ಅರಿವೆಂದು ನಂಬಿ ನಿಂತುಬಿಡಬಾರದೆಂಬುದನ್ನು ಶರಣರ ಮಕ್ಕಳಿಗೆ ನಾನು ಬೇರೆ ಹೇಳಬೇಕಾಗಿಲ್ಲ.

ಈ ವಿದ್ಯೆ ಒಂದೇ ದಿನದಲ್ಲಿ ಬಂದುದಲ್ಲ. ಜರ್ಮನಿಯ ರಂಟ್ಜೆನ್ ಎಂಬ ವಿಜ್ಞಾನಿ ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರಲ್ಲಿ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲ್ಲಿಸ್ ಎಂಬವರು ಗಂತಿಗಳಿಂದ ಸೂಜಿಯ ಮೂಲಕ ಜೀವಕೋಶಗಳನ್ನು ಸೆಳೆದು ರೋಗವನ್ನು ನಿರ್ಣಯಿಸುವ ಕ್ರಮವನ್ನು 1930ರಲ್ಲಿ ಪ್ರಕಟಿಸಿದರು. ಆದರೆ ಕೈಗೆ ಸಿಕ್ಕುವ ಗಂತಿಗಳಿಗೆ ಅದು ಸುಲಭ. ಎದೆಯ ಗೂಡಿನ ಒಳಗೆ, ಹೊಟ್ಟೆಯ ಹಿಂದೆ ಅಡಗಿದ ಗಂತಿಗಳಿಗೆ ದಾರಿಯನ್ನು ತೋರಿಸುವ ಕಣ್ಣು ಬೇಕಾಗಿತ್ತು. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಎಂಬ ಯಂತ್ರಶಾಸ್ತ್ರಜ್ಞನು ನಿರ್ಮಿಸಿದ ಸಿ.ಟಿ. ಯಂತ್ರದಿಂದ 1971ರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರವನ್ನು ತೆಗೆದಾಗ ಆ ಕಣ್ಣು ತೆರೆಯಿತು. ಕ್ಷ-ಕಿರಣಗಳಿಂದ ದೇಹವನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದಂತೆ ತೋರಿಸುವ ಈ ಯಂತ್ರಕ್ಕಾಗಿ ಆತನಿಗೂ ಕೊರ್ಮಾಕ್ ಎಂಬ ವಿಜ್ಞಾನಿಗೂ 1979ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಧ್ವನಿಯ ಅಲೆಗಳಿಂದ ಚಿತ್ರ ಮೂಡಿಸುವ ಅಲ್ಟ್ರಾಸೌಂಡ್ ಯಂತ್ರವೂ ಇದಕ್ಕೆ ಜೊತೆಯಾಯಿತು. ಸ್ತನ, ಗಂಟಲಿನ ಥೈರಾಯ್ಡ್ ಗ್ರಂಥಿ, ಯಕೃತ್ತು, ಕುತ್ತಿಗೆಯ ಗಂಟುಗಳು, ಇವುಗಳಿಗೆ ಅಲ್ಟ್ರಾಸೌಂಡ್ ಅನುಕೂಲ. ಗಾಳಿ ತುಂಬಿದ ಶ್ವಾಸಕೋಶದ ಒಳಭಾಗಕ್ಕೆ ಧ್ವನಿಯ ಅಲೆ ತೂರದಾದ್ದರಿಂದ ಅಲ್ಲಿಗೆ ಸಿ.ಟಿ.ಯೇ ದಾರಿದೀಪ.

ಪರೀಕ್ಷೆ ನಡೆಯುವ ಬಗೆಯನ್ನು ತಿಳಿದರೆ ಅರ್ಧ ಭಯ ಹೋದಂತೆ. ರೋಗಿಯನ್ನು ಯಂತ್ರದ ಹಲಗೆಯ ಮೇಲೆ ಮಲಗಿಸಿ, ಮೊದಲು ಚಿತ್ರವನ್ನು ತೆಗೆದು, ರಕ್ತನಾಳಗಳನ್ನೂ ಮೂಳೆಗಳನ್ನೂ ತಪ್ಪಿಸಿ ಗಂತಿಯನ್ನು ಮುಟ್ಟುವ ಹತ್ತಿರದ ದಾರಿಯನ್ನು ಲೆಕ್ಕಹಾಕುತ್ತಾರೆ. ಚರ್ಮದ ಮೇಲೆ ಗುರುತು ಮಾಡಿ, ಆ ಜಾಗವನ್ನು ಮಾತ್ರ ಮರಗಟ್ಟಿಸುವ ಚುಚ್ಚುಮದ್ದನ್ನು ಕೊಡುತ್ತಾರೆ. ಬಳಿಕ ಸೂಜಿಯನ್ನು ಸ್ವಲ್ಪಸ್ವಲ್ಪವಾಗಿ ಮುಂದುವರಿಸುತ್ತ, ನಡುನಡುವೆ ಚಿತ್ರವನ್ನು ತೆಗೆದು ತುದಿಯು ಎಲ್ಲಿದೆಯೆಂದು ನೋಡಿಕೊಳ್ಳುತ್ತಾರೆ. ಆಗ ರೋಗಿಯು ಅಲುಗಾಡದೆ, ಹೇಳಿದಾಗ ಉಸಿರು ಹಿಡಿದರೆ ಸಾಕು. ಸೂಜಿಗಳು ಎರಡು ಬಗೆ. ಒಂದು, ಸುಮಾರು 0.7 ಮಿಲಿಮೀಟರ್ ದಪ್ಪದ ಅಥವಾ ಅದಕ್ಕಿಂತ ಸಣ್ಣನೆಯ ಸೂಜಿ; ಅದು ಬಿಡಿಬಿಡಿಯಾದ ಜೀವಕೋಶಗಳನ್ನು ಹೀರಿ ತರುತ್ತದೆ. ಇದಕ್ಕೆ ಎಫ್.ಎನ್.ಎ.ಸಿ. ಎಂದು ಹೆಸರು. ಇನ್ನೊಂದು, ಸುಮಾರು 1.2 ಮಿಲಿಮೀಟರ್ ಅಥವಾ ಅದಕ್ಕೂ ತುಸು ದಪ್ಪನಾದುದು; ಅದು ಒಂದೆರಡು ಸೆಂಟಿಮೀಟರ್ ಉದ್ದದ, ದಾರದೆಳೆಯಂತಹ ಮಾಂಸದ ತುಣುಕನ್ನೇ ಕತ್ತರಿಸಿ ತರುತ್ತದೆ. ಬಂಡೆಯಿಂದ ತೆಗೆದ ಕಲ್ಲಿನ ಕೋಲಿಗೆ ಇದೇ ಸರಿಜೋಡಿ. ಅನೇಕ ಸಂದರ್ಭಗಳಲ್ಲಿ ರೋಗಿಯು ಅದೇ ದಿನ ಸಂಜೆ ಮನೆಗೆ ಮರಳಬಹುದು.

ಆ ತುಣುಕಿನಿಂದ ದೊರೆಯುವುದು 'ಹೌದು, ಅಲ್ಲ' ಎಂಬ ಉತ್ತರ ಮಾತ್ರವಲ್ಲ. ಕ್ಯಾನ್ಸರಾಗಿದ್ದರೆ ಯಾವ ಜಾತಿಯದೆಂಬುದು ತಿಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿಯೇ ಹಲವು ಬಗೆಗಳುಂಟು, ಅವುಗಳಲ್ಲಿ ಕೆಲವಕ್ಕೆ ನಿರ್ದಿಷ್ಟವಾದ ಗುಳಿಗೆಗಳಿವೆ. ಆ ಗುಳಿಗೆ ಈ ರೋಗಿಗೆ ನಾಟುವುದೇ ಇಲ್ಲವೇ ಎಂಬುದನ್ನು ತುಣುಕಿನ ಒಳಗಿನ ಜೀನುಗಳ ಪರೀಕ್ಷೆ ಹೇಳುತ್ತದೆ. ಸ್ತನದ ಗಂತಿಯಲ್ಲಿಯೂ ಹಾರ್ಮೋನಿಗೆ ಸಂಬಂಧಿಸಿದ ಗುರುತುಗಳಿವೆಯೇ ಎಂದು ತುಣುಕಿನಿಂದ ತಿಳಿದ ಮೇಲೆಯೇ ಚಿಕಿತ್ಸೆಯು ನಿಶ್ಚಯವಾಗುವುದು. ಇನ್ನು, ಥೈರಾಯ್ಡಿನ ಗಂತಿಗಳಲ್ಲಿ ಹೆಚ್ಚಿನವು ನಿರಪಾಯವಾದವು. ಸೂಜಿ ಪರೀಕ್ಷೆಯು ಎಷ್ಟೋ ತಾಯಂದಿರನ್ನು ಅನಾವಶ್ಯಕವಾದ ಶಸ್ತ್ರಕ್ರಿಯೆಯಿಂದ ಪಾರುಮಾಡಿದೆ. ಸೂಜಿಯೆಂದರೆ ಕ್ಯಾನ್ಸರನ್ನು ಹುಡುಕುವುದು ಮಾತ್ರವಲ್ಲ, ಕ್ಯಾನ್ಸರಲ್ಲವೆಂದು ಹೇಳಿ ಮನೆಗೆ ಕಳುಹಿಸುವುದೂ ಅದರ ಕೆಲಸವೇ.

ಈಗ ಜನರ ಭಯದ ವಿಚಾರ. ಸೂಜಿ ಚುಚ್ಚಿದರೆ ಗಂತಿ ಹರಡುತ್ತದೆಯೇ? ಈ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳಲಾರೆ. ಹೇಳಿದರೆ ತಮ್ಮ ವಿಶ್ವಾಸಕ್ಕೆ ದ್ರೋಹವಾದೀತು. ಸೂಜಿ ಹಾದುಬಂದ ದಾರಿಯಲ್ಲಿ ಗಂತಿಯ ಕಣಗಳು ಬೆಳೆದ ಉದಾಹರಣೆಗಳುಂಟು. ಆದರೆ ಶ್ವಾಸಕೋಶದ ಪರೀಕ್ಷೆಯಲ್ಲಿ ಇದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಯಕೃತ್ತಿನ ಒಂದು ಬಗೆಯ ಕ್ಯಾನ್ಸರಿನಲ್ಲಿ ಇದು ನೂರಕ್ಕೆ ಎರಡು ಮೂರರಷ್ಟು ಕಂಡುಬಂದಿದೆ. ಆದಕಾರಣವೇ ಅಲ್ಲಿ ಸ್ಕ್ಯಾನಿನ ಲಕ್ಷಣಗಳು ನಿಸ್ಸಂದೇಹವಾಗಿದ್ದರೆ ವೈದ್ಯರು ಸೂಜಿಯನ್ನು ಕೈಬಿಡುತ್ತಾರೆ. ಎಳೆಯ ಮಕ್ಕಳ ಕಣ್ಣಿನೊಳಗಿನ ಗಂತಿಗೂ, ವೃಷಣದ ಗಂತಿಗೂ ಸೂಜಿ ಹಾಕುವುದಿಲ್ಲ. ಮೂಳೆ ಮಾಂಸಗಳ ಗಂತಿಗಳಲ್ಲಿ, ಮುಂದೆ ಶಸ್ತ್ರಕ್ರಿಯೆ ಮಾಡುವ ವೈದ್ಯರೇ ಸೂಜಿಯ ದಾರಿಯನ್ನು ಗೊತ್ತುಮಾಡಬೇಕು. ಎಲ್ಲಿ ಬೇಡವೆಂಬುದನ್ನು ಬಲ್ಲವರೇ ಎಲ್ಲಿ ಬೇಕೆಂದು ಹೇಳುತ್ತಿದ್ದಾರೆ. ಅವರ ಮಾತಿಗೆ ಬೆಲೆ ಬರುವುದೂ ಅದರಿಂದಲೇ.

ಹಾಗಾದರೆ ಈ ನಂಬಿಕೆಯು ಇಷ್ಟು ಗಟ್ಟಿಯಾಗಿ ಬೇರೂರಿದ್ದೇಕೆ? ನಮ್ಮವರು ತಡವಾಗಿ ಬರುತ್ತಾರೆ. ಬರುವಷ್ಟರಲ್ಲಿ ರೋಗವು ಮುಂದುವರಿದಿರುತ್ತದೆ. ಸೂಜಿ ಪರೀಕ್ಷೆಯಾದ ಎರಡು ಮೂರು ತಿಂಗಳಲ್ಲಿ ರೋಗಿಯು ತೀರಿಕೊಂಡರೆ ಜನರ ಕಣ್ಣಿಗೆ ಬೀಳುವುದು ಸೂಜಿ. ಅದಕ್ಕೆ ಮೊದಲಿನ ಒಂದು ವರ್ಷದ ವಿಳಂಬವು ಕಣ್ಣಿಗೆ ಬೀಳುವುದಿಲ್ಲ. ಮುಳುಗುವ ಮನೆಯಿಂದ ಕೊನೆಗೆ ಹೊರಬಂದವನ ಮೇಲೆ ಅಪವಾದ ಹೊರಿಸಿದಂತೆ ಇದು.

ನಿಜವಾದ ಅಪಾಯಗಳು ಬೇರೆ, ಅವುಗಳನ್ನೂ ಮುಚ್ಚಿಡುವುದಿಲ್ಲ. ಶ್ವಾಸಕೋಶಕ್ಕೆ ಸೂಜಿ ಹಾಕಿದಾಗ ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಎದೆಗೂಡಿನಲ್ಲಿ ಗಾಳಿ ಸೋರುವುದುಂಟು. ಹೆಚ್ಚಿನವರಲ್ಲಿ ಅದು ತಾನಾಗಿ ಇಂಗಿಹೋಗುತ್ತದೆ. ಇಪ್ಪತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಕೊಳವೆ ಹಾಕಿ ಗಾಳಿಯನ್ನು ತೆಗೆಯಬೇಕಾಗುತ್ತದೆ. ಧೂಳಿನಿಂದಲೋ ಬೀಡಿಯಿಂದಲೋ ಶ್ವಾಸಕೋಶವು ಮೊದಲೇ ಶಿಥಿಲವಾಗಿದ್ದರೆ ಈ ಅಪಾಯ ಹೆಚ್ಚು. ಸ್ವಲ್ಪ ರಕ್ತಸ್ರಾವವೂ, ಕಫದಲ್ಲಿ ರಕ್ತವೂ ಕಾಣಬಹುದು. ಅದಕ್ಕಾಗಿಯೇ ಪರೀಕ್ಷೆಯ ಮೊದಲು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ನೋಡುತ್ತಾರೆ. ಮುಗಿದ ಮೇಲೆ ಕೆಲವು ಗಂಟೆ ಮಲಗಿಸಿ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ. ಮನೆಗೆ ಬಂದ ಮೇಲೆ ಎದೆನೋವು, ಉಸಿರುಗಟ್ಟುವಿಕೆ, ಹೆಚ್ಚು ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ನಮ್ಮ ಸಮಾಜದವರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ವೃದ್ಧೆಯಾದ ತಾಯಿಯೊಬ್ಬರು ಸಿ.ಟಿ. ಕೋಣೆಯ ಬಾಗಿಲಿನಿಂದ ಹಿಂದಿರುಗಿದುದನ್ನು ನಾನು ಕಂಡಿದ್ದೇನೆ. ಕೊರಳಿನ ಬೆಳ್ಳಿಯ ಕರಡಿಗೆಯನ್ನು ತೆಗೆಯಬೇಕೆಂದು ಹೇಳಿದಾಗ, "ಅಪ್ಪಾ, ಲಿಂಗವನ್ನು ಅಗಲಿ ಉಳಿಸಿಕೊಳ್ಳುವ ಪ್ರಾಣ ನನಗೆ ಬೇಡ" ಎಂದುಬಿಟ್ಟರು. ಅವರ ನಿಷ್ಠೆಗೆ ನಾನು ತಲೆಬಾಗುತ್ತೇನೆ. ಆದರೆ ಅಲ್ಲಿ ಅಡ್ಡಿಯಾದುದು ಲಿಂಗವಲ್ಲ, ಬೆಳ್ಳಿ. ಎದೆಯ ಮೇಲೆ ಲೋಹವಿದ್ದರೆ ಚಿತ್ರದಲ್ಲಿ ಕಿರಣಗಳಂತೆ ಗೆರೆಗಳು ಹರಡಿ ಗಂತಿಯೇ ಮರೆಯಾಗುತ್ತದೆ. ಕರಡಿಗೆಯನ್ನು ಮನೆಯವರ ಕೈಗೆ ಕೊಟ್ಟು, ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಸ್ಥಳದಲ್ಲಿ ಹಿಡಿದುಕೊಳ್ಳಬಹುದು. ಎದೆಯ ಚಿತ್ರ ತೆಗೆಯುವಾಗ ಹೇಗೂ ಕೈಗಳನ್ನು ತಲೆಯ ಮೇಲಕ್ಕೆ ಚಾಚಿರುತ್ತಾರೆ. ಮೊದಲೇ ವಿನಯದಿಂದ ತಿಳಿಸಿದರೆ ಯಂತ್ರದ ಬಳಿಯವರು ಅನುಕೂಲ ಮಾಡಿಕೊಡುವುದನ್ನು ನಾನು ಕಂಡಿದ್ದೇನೆ. ಆ ತಾಯಿಗೂ ಮರುದಿನ ಹೀಗೆಯೇ ವ್ಯವಸ್ಥೆಯಾಗಿ ಪರೀಕ್ಷೆ ನೆರವೇರಿತು. ಈ ವಿಷಯದಲ್ಲಿ ಪೂಜ್ಯರು ಭಕ್ತರಿಗೆ ಒಂದು ಮಾತು ಅಪ್ಪಣೆ ಕೊಡಿಸಿದರೆ, ನಾವು ವೈದ್ಯರು ನೂರು ಸಲ ಹೇಳುವುದಕ್ಕಿಂತ ಹೆಚ್ಚು ಫಲವಾಗುವುದೆಂದು ಬಿನ್ನವಿಸುತ್ತೇನೆ.

ಇನ್ನು ಮನೆಯವರು ನೆನಪಿನಲ್ಲಿಡಬೇಕಾದ ಕೆಲವು ಸಂಗತಿಗಳು. ರಕ್ತವನ್ನು ತೆಳುಮಾಡುವ ಗುಳಿಗೆಗಳನ್ನು ಹೃದಯಕ್ಕಾಗಿಯೋ ಪಾರ್ಶ್ವವಾಯುವಿಗಾಗಿಯೋ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ, ತಾವಾಗಿಯೇ ನಿಲ್ಲಿಸಬೇಡಿರಿ. ರೋಗಿಯು ಗಣಿಯಲ್ಲಿಯೋ ಕಲ್ಲಿನ ಕೆಲಸದಲ್ಲಿಯೋ ಎಷ್ಟು ವರ್ಷ ದುಡಿದನೆಂಬುದನ್ನು ತಪ್ಪದೆ ಹೇಳಿರಿ. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ತಿಳಿಯುವುದಿಲ್ಲ. ತೆಗೆದ ತುಣುಕಿನ ಒಂದು ಭಾಗವನ್ನು ಕ್ಷಯದ ಪರೀಕ್ಷೆಗೂ ಕಳುಹಿಸುವಿರಾ ಎಂದು ವಿಚಾರಿಸಿರಿ. ಏಕೆಂದರೆ ಸೂಕ್ಷ್ಮದರ್ಶಕಕ್ಕಾಗಿ ಹೋಗುವ ತುಣುಕನ್ನು ಫಾರ್ಮಲಿನ್ ಎಂಬ ದ್ರವದಲ್ಲಿಡುತ್ತಾರೆ, ಅದರಲ್ಲಿ ಕ್ಷಯದ ಕ್ರಿಮಿ ಸಾಯುತ್ತದೆ. ಕ್ರಿಮಿಯನ್ನು ಬೆಳೆಸಿ ನೋಡುವುದಕ್ಕೆ ಉಪ್ಪುನೀರಿನಲ್ಲಿಟ್ಟ ಬೇರೆ ತುಣುಕು ಬೇಕು. ನಮ್ಮ ಸೀಮೆಯ ಎದೆಯ ನೆರಳಿನಲ್ಲಿ ಈ ಒಂದು ಪ್ರಶ್ನೆಯು ಎರಡನೆಯ ಸೂಜಿಯನ್ನು ತಪ್ಪಿಸಬಲ್ಲುದು.

ವರದಿಯಲ್ಲಿ 'ಕ್ಯಾನ್ಸರ್ ಕಾಣಲಿಲ್ಲ' ಎಂದು ಬಂದರೆ ಅಷ್ಟಕ್ಕೇ ಸಮಾಧಾನಪಡಬೇಡಿರಿ. ಅದಲ್ಲದಿದ್ದರೆ ಮತ್ತೇನೆಂಬುದು ಸ್ಪಷ್ಟವಾಗಿ ಬರೆದಿದೆಯೇ ಎಂದು ಕೇಳಿರಿ. ಸೂಜಿಯು ಗಂತಿಯ ಪಕ್ಕದ ಮಾಂಸವನ್ನು ತಂದಿರಬಹುದು. ಕೊರೆದ ಒಂದು ಕಲ್ಲಿನಲ್ಲಿ ಚಿನ್ನ ಸಿಗದಿದ್ದರೆ ಇಡೀ ಪದರವೇ ಬರಿದೆಂದು ಗಣಿಯವರು ಹೇಳುತ್ತಿರಲಿಲ್ಲ. ಅನುಮಾನ ಉಳಿದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಶ್ವಾಸನಾಳದ ಮೂಲಕವೋ ಬೇರೆ ಮಾರ್ಗದಿಂದಲೋ ತುಣುಕನ್ನು ತೆಗೆಯುವುದೂ ಉಂಟು. ಪೆಟ್ ಸ್ಕ್ಯಾನ್ ಆಯಿತಲ್ಲಾ, ಇನ್ನೇಕೆ ಸೂಜಿ ಎನ್ನುವವರಿಗೆ ಒಂದು ಮಾತು: ಕ್ಷಯವೂ ಧೂಳಿನ ಗಂಟೂ ಆ ಚಿತ್ರದಲ್ಲಿ ಕ್ಯಾನ್ಸರಿನಂತೆಯೇ ಬೆಳಗಬಲ್ಲವು. ಎಷ್ಟೇ ಬೆಲೆಯ ಯಂತ್ರವಾದರೂ ಅದು ತೋರಿಸುವುದು ನೆರಳನ್ನೇ. ಕೊನೆಯದಾಗಿ, ತುಣುಕನ್ನು ಮೇಣದ ಅಚ್ಚಿನಲ್ಲಿಟ್ಟು ಆಸ್ಪತ್ರೆಯವರು ಕಾಪಾಡಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಆ ಅಚ್ಚನ್ನೂ ಗಾಜಿನ ಪಟ್ಟಿಗಳನ್ನೂ ಕೇಳಿ ಪಡೆದುಕೊಂಡು ಹೋಗಿರಿ.

ಇದಕ್ಕೆಲ್ಲ ಬಹುದೂರ ಹೋಗಬೇಕಾಗಿಲ್ಲ. ಕೋಲಾರದ ಟಮಕದಲ್ಲಿ ಶ್ರೀ ದೇವರಾಜ ಅರಸ್ ವೈದ್ಯಕೀಯ ಕಾಲೇಜು 1986ರಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯು 1973ರಿಂದ ನಾಡಿನ ಕ್ಯಾನ್ಸರ್ ರೋಗಿಗಳ ಆಶ್ರಯವಾಗಿದೆ. ಮಾರಿಕುಪ್ಪದಿಂದ ಹೊರಟು ನಮ್ಮ ಬಂಗಾರಪೇಟೆಯ ಜಂಕ್ಷನ್ನನ್ನು ಹಾದು ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಗಣಿಯ ಮಕ್ಕಳು ದಿನವೂ ಸಾವಿರಗಟ್ಟಲೆ ಕೂಲಿಗೂ ಕಚೇರಿಗೂ ಹೋಗಿಬರುತ್ತಾರೆ. ಹೊಟ್ಟೆಪಾಡಿಗಾಗಿ ದಿನವೂ ಸವೆಸುವ ಆ ಹಾದಿಯನ್ನು ಮನೆಯ ಹಿರಿಯರ ಪ್ರಾಣಕ್ಕಾಗಿ ಎರಡು ದಿನ ಸವೆಸುವುದು ಭಾರವಾಗಲಾರದು.

ಶರಣಬಂಧುಗಳೇ, ಮಠಗಳು ಅನ್ನದಾಸೋಹ ಮತ್ತು ವಿದ್ಯಾದಾಸೋಹಗಳಿಂದ ಈ ನಾಡನ್ನು ಬೆಳಗಿವೆ. ಈ ಸುವರ್ಣ ಮಹೋತ್ಸವದ ನೆನಪಿಗೆ ತಾವೆಲ್ಲರೂ ಒಂದು ಸಣ್ಣ ಸಂಕಲ್ಪವನ್ನು ಮಾಡಬೇಕೆಂದು ಬೇಡುತ್ತೇನೆ. ನೆರೆಯ ಮನೆಯಲ್ಲಿ, ಅವರು ನಮ್ಮ ಮತದವರಾಗಿರಲಿ, ಗಣಿಯ ಸಾಲುಮನೆಗಳ ತಮಿಳು ಸೋದರರಾಗಿರಲಿ, ಯಾರಿಗಾದರೂ ಎದೆಯಲ್ಲಿ ನೆರಳು ಕಂಡಿತೆಂದು ತಿಳಿದರೆ, ರೋಗದ ಹೆಸರನ್ನು ತಾವು ಇಡಬೇಡಿರಿ. ಸೂಜಿ ಬೇಡವೆಂದು ತಡೆಯಬೇಡಿರಿ. ಓದುಬರಹ ಬಲ್ಲ ಒಬ್ಬ ಯುವಕನು ಅವರ ಕಾಗದಪತ್ರಗಳನ್ನು ಹಿಡಿದು ಆಸ್ಪತ್ರೆಯವರೆಗೆ ಜೊತೆಯಲ್ಲಿ ಹೋಗಿಬರಲಿ. ಅದೂ ದಾಸೋಹವೇ.

ಚಿನ್ನವನ್ನು ಒರೆಗೆ ಹಚ್ಚದೆ ಕೊಳ್ಳದ ಊರು ನಮ್ಮದು. ಪ್ರಾಣವು ಚಿನ್ನಕ್ಕಿಂತ ಅಗ್ಗವಾಗಬಾರದು.